ಪದಕ ಸಿಕ್ತು, ಪ್ಯಾರಾಚೂಟ್ ಸಿಗಲಿಲ್ಲ



ಇಂದ್ರಲಾಲ್ ರಾಯ್. ಈ ಹೆಸರು ಕೇಳಿದ್ದೀರಾ? ನಮ್ಮಲ್ಲಿ ಬಹಳ ಜನ ಕೇಳಿರಲಿಕ್ಕಿಲ್ಲ. 1898ರ ಡಿಸೆಂಬರ್ 2ರಂದು ಕಲ್ಕತ್ತಾದಲ್ಲಿ ಹುಟ್ಟಿ, ಲಂಡನ್‌ನಲ್ಲಿ ಓದಿದ ಹುಡುಗ. ಮೊದಲ ಮಹಾಯುದ್ಧ ನಡೀತಿತ್ತು. ವಿಮಾನ ಹಾರಿಸ್ತೀನಿ ಅಂತ ಹೋದ್ರೆ, ಕಣ್ಣು ಸರಿಯಿಲ್ಲ ಅಂತ ವಾಪಸ್ ಕಳಿಸಿದ್ರು. ಹುಡುಗ ಬಿಡಲಿಲ್ಲ. ತನ್ನ ಮೋಟಾರ್ ಬೈಕ್ ಮಾರಿ, ಆ ದುಡ್ಡಲ್ಲಿ ದೊಡ್ಡ ಕಣ್ಣಿನ ಡಾಕ್ಟರ್‌ಗೆ ತೋರಿಸಿ ಒಳಗೆ ಹೋದ ಅಂತ ಹೇಳ್ತಾರೆ. 1917ರಲ್ಲಿ ಪೈಲಟ್ ಆದ. ಅದೇ ಡಿಸೆಂಬರ್‌ನಲ್ಲಿ ಅವನ ವಿಮಾನ ಬಿತ್ತು. ಬದುಕಿಕೊಂಡ. ಮತ್ತೆ ಹಾರೋದಕ್ಕೆ ಹಟ ಹಿಡಿದು ಬಂದ.

1918ರ ಜುಲೈ. ಫ್ರಾನ್ಸ್‌ನ ಆಕಾಶ. ಎರಡು ವಾರದೊಳಗೆ ಹತ್ತು ಗೆಲುವು, ಕೆಲವು ಜೊತೆಗಾರರ ಜೊತೆ ಸೇರಿ. ಜುಲೈ 22ರಂದು ಕಾರ್ವಿನ್ ಊರಿನ ಮೇಲೆ ಜರ್ಮನ್ ಫೋಕರ್ ವಿಮಾನಗಳ ಜೊತೆ ಕಾದಾಟ. ವಿಮಾನಕ್ಕೆ ಬೆಂಕಿ ಹತ್ತಿ ಕೆಳಗೆ ಬಿತ್ತು. ವಯಸ್ಸು ಬರೀ ಹತ್ತೊಂಬತ್ತು. ಸೆಪ್ಟೆಂಬರ್‌ನಲ್ಲಿ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಘೋಷಣೆ ಆಯ್ತು. ಆ ಪದಕ ಪಡೆದ ಮೊದಲ ಭಾರತೀಯ. ಆದರೆ ತೊಡೋದಕ್ಕೆ ಅವನೇ ಇರಲಿಲ್ಲ.

ನಾನು ಇಂಜಿನಿಯರಿಂಗ್ ಓದಿದವನು. ನನ್ನ ಕಣ್ಣು ಪದಕಕ್ಕಿಂತ ಮೊದಲು ಹೋಗೋದು ವಿಮಾನದ ಕಡೆಗೆ. ಅವನು ಹಾರಿಸ್ತಿದ್ದ ಎಸ್.ಇ.5ಎ ಅಂದ್ರೆ ಮರದ ಚೌಕಟ್ಟು, ಅದರ ಮೇಲೆ ಬಟ್ಟೆ. ಪೈಲಟ್ ಕೂರೋ ಜಾಗದ ಮುಂದೆಯೇ ಪೆಟ್ರೋಲ್ ಟ್ಯಾಂಕ್. ಒಂದು ಗುಂಡು ಅಲ್ಲಿಗೆ ಬಿದ್ರೆ ಏನಾಗುತ್ತೆ, ನೀವೇ ಯೋಚನೆ ಮಾಡಿ. ಹಾರಿ ಪಾರಾಗೋದಕ್ಕೆ ಬ್ರಿಟಿಷ್ ಪೈಲಟ್‌ಗಳಿಗೆ ಪ್ಯಾರಾಚೂಟೇ ಕೊಡ್ತಿರಲಿಲ್ಲ.

ಹಾಗಾದ್ರೆ ಪ್ಯಾರಾಚೂಟ್ ಆಗಿನ್ನೂ ಬಂದಿರಲಿಲ್ವಾ? ಬಂದಿತ್ತು! ಬಲೂನಿನಲ್ಲಿ ಕೂತು ಶತ್ರುವಿನ ಸಾಲು ನೋಡೋ ಸೈನಿಕರ ಹತ್ರ ಇತ್ತು. ಜರ್ಮನರು ತಮ್ಮ ಪೈಲಟ್‌ಗಳಿಗೂ ಕೊಡೋಕೆ ಶುರು ಮಾಡಿದ್ರು. ಅದೇ ವರ್ಷ ಜೂನ್ 29ರಂದು ಜರ್ಮನಿಯ ಎರ್ನ್ಸ್ಟ್ ಊಡೆಟ್ ಕೆಟ್ಟ ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿ ಬದುಕಿದ. ಇಂದ್ರಲಾಲ್ ಸತ್ತಿದ್ದು ಅದಾಗಿ ಮೂರೇ ವಾರಕ್ಕೆ. ಅವನ ತಂಡದ ನಾಯಕ ಮೆಕೆಲ್‌ರಾಯ್, ಐರ್ಲೆಂಡಿನವನು, ಜುಲೈ 31ರಂದು ಸತ್ತ. ಭಾರ ಜಾಸ್ತಿ, ಜಾಗ ಇಲ್ಲ ಅನ್ನೋ ಕಾರಣಗಳಿದ್ದವು, ಸರಿ. ಆದರೆ ಹುಡುಗರ ಜೀವಕ್ಕೆ ಎಷ್ಟು ತೂಕ ಅಂತ ಕೇಳಿದವರು ಯಾರು?

ಇನ್ನೊಂದು ಮಾತು. ಹಾರೋದಕ್ಕೆ ಭಾರತೀಯರಿಗೆ ಆಗುತ್ತಾ ಅಂತ ಅನುಮಾನ ಪಡ್ತಿದ್ದ ಕಾಲ ಅದು. ಉತ್ತರ ಅವನು 1918ರಲ್ಲೇ ಕೊಟ್ಟಿದ್ದ. ಆದ್ರೂ ಭಾರತೀಯ ವಾಯುಪಡೆ ಹುಟ್ಟಿದ್ದು 1932ರ ಅಕ್ಟೋಬರ್ 8ಕ್ಕೆ. ಅದರ ಮೊದಲ ಅಧಿಕಾರಿಗಳಲ್ಲಿ ಒಬ್ಬರಾಗಿ, ಮುಂದೆ ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದ ಸುಬ್ರತೊ ಮುಖರ್ಜಿ ಇಂದ್ರಲಾಲ್‌ನ ಬಂಧುವರ್ಗದವರೇ.

ಯುದ್ಧದ ಸುದ್ದಿ ಬಂದಾಗ ಪರದೆ ಮೇಲೆ ಮೊದಲು ಓಡೋದು ಅಂಕಿಗಳು. ಎಷ್ಟು ಉರುಳಿಸಿದ್ರು, ಎಷ್ಟು ಕಳ್ಕೊಂಡ್ರು. ಅಂಕಿ ಬೇಕು, ಬೇಡ ಅನ್ನಲ್ಲ. ಅದರ ಜೊತೆ ಈ ಪ್ರಶ್ನೆಯನ್ನೂ ಕೇಳಿ: ಮೇಲಕ್ಕೆ ಕಳಿಸಿದ ಹುಡುಗ ಕೆಳಗೆ ಜೀವಂತ ಇಳಿಯೋದಕ್ಕೆ ನಾವೇನು ಕೊಟ್ಟಿದ್ದೀವಿ? ಹಳೇ ವಿಮಾನಕ್ಕೆ ಬದಲಿ ಬಂತಾ? ಬಿಡಿಭಾಗ ಸಿಕ್ತಾ? ಇದನ್ನ ಕೇಳೋದು ಸೈನ್ಯಕ್ಕೆ ಅವಮಾನ ಅಲ್ಲ. ಸೈನಿಕನ ಪರವಾಗಿ ಕೇಳೋ ಮಾತು.

ಫ್ರಾನ್ಸ್‌ನ ಎಸ್ತೆವೆಲ್ ಅನ್ನೋ ಪುಟ್ಟ ಊರಿನ ಸ್ಮಶಾನದಲ್ಲಿ ಅವನ ಸಮಾಧಿ ಇದೆ. ಕಲ್ಲಿನ ಮೇಲೆ ಬಂಗಾಳಿ ಅಕ್ಷರಗಳಿವೆ. ಅಷ್ಟು ದೂರದಲ್ಲಿ ಮಲಗಿರೋ ಹತ್ತೊಂಬತ್ತರ ಹುಡುಗನಿಗೆ ಒಂದು ಸಲಾಂ ಹೇಳಿ. ಆಮೇಲೆ ಆ ಪ್ರಶ್ನೆ ಕೇಳೋದನ್ನ ಮರೀಬೇಡಿ.