ಏಳನೆಯ ದಿನದ ನ್ಯಾಯ

(ಗಿರಣಿ ಕೆಲಸಗಾರರ ಮತ್ತು ಚಿಕ್ಕ ವ್ಯಾಪಾರಿಗಳ ಕೂಡುಸಭೆಯಲ್ಲಿ ಮಾಡಿದ ಭಾಷಣ)



ದುಡಿಮೆ, ಬಡತನ, ಆಪತ್ಕಾಲದ ಆಸರೆ, ಈ ಮೂರನ್ನು ಕುರಿತು ಕ್ರೈಸ್ತ ಧರ್ಮ ಏನು ಹೇಳುತ್ತದೆ ಎಂಬುದನ್ನು ತಿಳಿಸಬೇಕೆಂದು ಈ ಸಭೆಯನ್ನು ಕರೆದವರು ಕೇಳಿದ್ದಾರೆ. ಧರ್ಮದ ಮಾತೆಂದರೆ ದುಡಿಯುವ ಜನಕ್ಕೆ ಒಂದು ಸಂಶಯವುಂಟು, ಅದು ಸಹಜ. ಹಸಿದವನಿಗೆ ಪರಲೋಕದ ರೊಟ್ಟಿಯನ್ನು ತೋರಿಸಿ, ಇಹಲೋಕದ ರೊಟ್ಟಿಯನ್ನು ಧಣಿಯ ತಟ್ಟೆಯಲ್ಲೇ ಬಿಟ್ಟುಬಿಡುವ ಉಪದೇಶವನ್ನು ನಾವೆಲ್ಲ ಕೇಳಿದ್ದೇವೆ. ಆ ಉಪದೇಶ ಮಾಡಲು ನಾವು ಇಲ್ಲಿ ನಿಂತಿಲ್ಲ. ಬೈಬಲ್ಲಿನಲ್ಲಿ ಕೂಲಿಯ ಮಾತಿದೆ, ಬಿಡುವಿನ ಮಾತಿದೆ, ಸಾಲದ ಮಾತಿದೆ. ಅವೆಲ್ಲ ಈ ಲೋಕದ ವ್ಯವಹಾರದ ಮಾತುಗಳೇ. ಅವನ್ನಷ್ಟು ನಿಮ್ಮ ಮುಂದಿಡುತ್ತೇವೆ.

ಮೊದಲು ಇಟ್ಟಿಗೆಯ ಕಥೆ. ಇಸ್ರಾಯೇಲ್ ಜನ ಐಗುಪ್ತ ದೇಶದಲ್ಲಿ ದಾಸರಾಗಿದ್ದರು. ಅರಸನಾದ ಫರೋಹನಿಗೆ ಇಟ್ಟಿಗೆ ಮಾಡಿಕೊಡುವುದು ಅವರ ಕೆಲಸ. ಮಣ್ಣಿಗೆ ಬೆರೆಸಬೇಕಾದ ಹುಲ್ಲನ್ನು ಅರಸನ ಕಡೆಯವರು ಒದಗಿಸುತ್ತಿದ್ದರು. ದೇವರ ಹಬ್ಬ ಮಾಡಲು ಮೂರು ದಿನ ಬಿಡುವು ಬೇಕೆಂದು ಮೋಶೆ ಹೋಗಿ ಕೇಳಿದ. ಫರೋಹ ಏನು ಮಾಡಿದ? ಇವರು ಮೈಗಳ್ಳರು, ಕೆಲಸ ಸಾಲದೆ ಬಿಡುವಿನ ಮಾತೆತ್ತಿದ್ದಾರೆ ಎಂದ. ಅಂದಿನಿಂದ ಹುಲ್ಲು ಕೊಡುವುದನ್ನು ನಿಲ್ಲಿಸಿದ. ಹುಲ್ಲನ್ನು ಅವರೇ ಆಯ್ದು ತರಬೇಕು, ಇಟ್ಟಿಗೆಯ ಲೆಕ್ಕ ಮಾತ್ರ ಒಂದೂ ಕಡಿಮೆಯಾಗಕೂಡದು. ಲೆಕ್ಕ ತಪ್ಪಿದಾಗ ಏಟು ಬಿದ್ದದ್ದು ಅದೇ ಜನರೊಳಗಿಂದ ನೇಮಿಸಿದ್ದ ಮೇಸ್ತ್ರಿಗಳ ಬೆನ್ನಿಗೆ. ವಿಮೋಚನಕಾಂಡದ ಐದನೆಯ ಅಧ್ಯಾಯದಲ್ಲಿ ಇದೆಲ್ಲ ಇದೆ. ಇಬ್ಬರು ನೋಡಿಕೊಳ್ಳುತ್ತಿದ್ದ ಯಂತ್ರಗಳನ್ನು ಒಬ್ಬನ ಮೈಮೇಲೆ ಹಾಕಿ, ಕೂಲಿ ಹೆಚ್ಚಿಸದೆ, ಮಾಲು ಕಡಿಮೆಯಾದರೆ ಮುಕಾದಮನನ್ನು ಬೈಯುವ ಪದ್ಧತಿ ಹೊಸದೇನೂ ಅಲ್ಲ ಎಂಬುದನ್ನು ತಿಳಿಯಲು ಈ ಒಂದು ಅಧ್ಯಾಯ ಸಾಕು.

ಆ ಜನ ದಾಸ್ಯದಿಂದ ಹೊರಬಂದ ಮೇಲೆ ಅವರಿಗೆ ದೊರೆತ ಹತ್ತು ಆಜ್ಞೆಗಳಲ್ಲಿ ಒಂದು, ಏಳನೆಯ ದಿನ ಕೆಲಸ ಮಾಡಕೂಡದೆಂಬುದು. ಅದಕ್ಕೆ ಸಬ್ಬತ್ ಎಂದು ಹೆಸರು. ಯಜಮಾನನೊಬ್ಬನಿಗೆ ಬಿಡುವು ಸಿಕ್ಕಿದರೆ ಆಜ್ಞೆ ಪೂರೈಸಿದಂತಾಗಲಿಲ್ಲ. ಮಗ, ಮಗಳು, ಗಂಡಾಳು, ಹೆಣ್ಣಾಳು, ಎತ್ತು, ಕತ್ತೆ, ಊರಲ್ಲಿ ತಂಗಿರುವ ಪರದೇಶಿ, ಇವರೆಲ್ಲರಿಗೂ ಅಂದು ಬಿಡುವಿರಬೇಕು. ಕಾರಣವನ್ನು ಧರ್ಮೋಪದೇಶಕಾಂಡ ಹೇಳುತ್ತದೆ: ಆ ಜನರೂ ಒಂದು ಕಾಲಕ್ಕೆ ದಾಸರಾಗಿದ್ದರು, ಅದನ್ನು ಅವರು ಮರೆಯಕೂಡದು. ಇದರ ಅರ್ಥವನ್ನು ಗಮನಿಸಿರಿ. ಹೆಚ್ಚು ಮಾಲು ತೆಗೆದದ್ದಕ್ಕೆ ಬಹುಮಾನವಾಗಿ ಬಿಡುವು ಎಂದು ಹೇಳಿಲ್ಲ. ದಾಸನಿಗೂ ಸ್ವತಂತ್ರ ಮನುಷ್ಯನಿಗೂ ಇರುವ ವ್ಯತ್ಯಾಸವೇ ಬಿಡುವು ಎಂದು ಹೇಳಿದೆ. ನಮ್ಮ ಮಟ್ಟಿಗೆ ಅದು ಪೂಜೆಯ ನಿಯಮವಾಗಿರುವಷ್ಟೇ ದುಡಿಮೆಯ ಕಾನೂನೂ ಹೌದು.

ಆದರೆ ಆಜ್ಞೆ ಗ್ರಂಥದಲ್ಲಿದ್ದ ಮಾತ್ರಕ್ಕೆ ಗಿರಣಿಯ ಚಕ್ರ ನಿಲ್ಲುವುದಿಲ್ಲ. ಇದಕ್ಕೆ ಕ್ರೈಸ್ತ ದೇಶವೆನ್ನಿಸಿಕೊಂಡ ಇಂಗ್ಲೆಂಡಿನ ಚರಿತ್ರೆಯೇ ಸಾಕ್ಷಿ. ಭಾನುವಾರ ಅಲ್ಲಿ ಇಗರ್ಜಿಗಳು ತುಂಬುತ್ತಿದ್ದವು. ಸೋಮವಾರ ಅದೇ ಜನರ ಗಿರಣಿಗಳಲ್ಲಿ ಎಳೆಯ ಮಕ್ಕಳು ದಿನಕ್ಕೆ ಹದಿಮೂರು ತಾಸು ನಿಂತು ನೂಲಿನ ಎಳೆ ಕೂಡಿಸುತ್ತಿದ್ದರು. 1830ರಲ್ಲಿ ರಿಚರ್ಡ್ ಓಸ್ಟ್ಲರ್ ಎಂಬಾತ ಪತ್ರಿಕೆಯೊಂದಕ್ಕೆ ಬರೆದ ಪತ್ರದಲ್ಲಿ ಇದನ್ನು ಗುಲಾಮಗಿರಿಯೆಂದೇ ಕರೆದ. ವಸಾಹತುಗಳ ಗುಲಾಮರಿಗಾಗಿ ಕಣ್ಣೀರಿಡುವವರು ತಮ್ಮ ಯಾರ್ಕ್‌ಷೈರಿನ ಮಕ್ಕಳನ್ನೇಕೆ ನೋಡುವುದಿಲ್ಲ ಎಂಬುದು ಅವನ ಪ್ರಶ್ನೆ. ಹತ್ತು ತಾಸಿನ ಚಳವಳಿ ಅಲ್ಲಿಂದ ಬೆಳೆಯಿತು. ಪಾರ್ಲಿಮೆಂಟಿನಲ್ಲಿ ಆಷ್ಲೀ ಪ್ರಭು, ಅಂದರೆ ಮುಂದೆ ಷಾಫ್ಟ್ಸ್‌ಬರಿ ಎನಿಸಿಕೊಂಡವರು, ಅದನ್ನು ವರ್ಷಗಟ್ಟಲೆ ಹೊತ್ತರು. ಕೊನೆಗೆ 1847ರಲ್ಲಿ ಮಸೂದೆಯನ್ನು ದಡ ಸೇರಿಸಿದವರು ಜಾನ್ ಫೀಲ್ಡನ್. ಅವರು ಸ್ವತಃ ಹತ್ತಿ ಗಿರಣಿಯ ಮಾಲೀಕರು, ದೈವಭಕ್ತರು. ಅದನ್ನು ಬಲವಾಗಿ ವಿರೋಧಿಸಿದ ಜಾನ್ ಬ್ರೈಟ್ ಕೂಡ ಗಿರಣಿಯ ಮಾಲೀಕರೇ, ದೈವಭಕ್ತರೇ. ಒಂದೇ ಬೈಬಲ್ಲು, ಒಂದೇ ಕಸುಬು. ಒಬ್ಬರು ಹತ್ತು ತಾಸು ಸಾಕೆಂದರು, ಇನ್ನೊಬ್ಬರು ಸರ್ಕಾರ ನಡುವೆ ಬರಕೂಡದೆಂದರು. ಧಣಿಗಳ ಭಕ್ತಿಯೊಂದನ್ನೇ ನಂಬಿ ಕುಳಿತುಕೊಳ್ಳಲಾಗದು, ಕಾನೂನು ಬೇಕೇ ಬೇಕು ಎಂಬ ಪಾಠವನ್ನು ನಾವು ಇದರಿಂದ ಕಲಿತಿದ್ದೇವೆ.

ನಮ್ಮ ದೇಶಕ್ಕೆ ಬರೋಣ. ಇಂದು ಭಾನುವಾರದ ಸುಟ್ಟಿಯನ್ನು ಇಂಗ್ಲಿಷರ ಕೊಡುಗೆಯೆಂದು ಹಲವರು ತಿಳಿದಿದ್ದಾರೆ. ಇಂಗ್ಲಿಷ್ ಸಾಹೇಬರ ಕಚೇರಿಗೆ ಭಾನುವಾರ ಬೀಗವಿತ್ತು. ಮುಂಬಯಿಯ ಗಿರಣಿಗಳಿಗೆ ಇರಲಿಲ್ಲ. ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದಲ್ಲಿ ಬೆಳೆದ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಗಿರಣಿ ಕೆಲಸಗಾರರ ಸಭೆ ಸೇರಿಸಿ, ಐದು ಸಾವಿರಕ್ಕೂ ಹೆಚ್ಚು ಜನರಿಂದ ಅರ್ಜಿಗೆ ಸಹಿ ಮಾಡಿಸಿದರು. ಭಾನುವಾರ ಖಂಡೋಬನ ವಾರ, ನಮ್ಮ ಜನಕ್ಕೂ ಅದು ದೇವರ ದಿನವೇ ಎಂದು ಅವರು ವಾದಿಸಿದರು. ಆರು ವರ್ಷ ಹೋರಾಡಿದ ಮೇಲೆ 1890ರ ಜೂನಿನಲ್ಲಿ ಮಾಲೀಕರು ಒಪ್ಪಿದರು. ಮರುವರ್ಷದ ಕಾರ್ಖಾನೆ ಕಾಯಿದೆಯಲ್ಲಿ ವಾರದ ಬಿಡುವು ಸೇರಿತು. ಮೋಶೆಯ ಆಜ್ಞೆ ಮುಂಬಯಿಯ ಗಿರಣಿಗೆ ಬಂದದ್ದು ಹೀಗೆ, ಖಂಡೋಬನ ಭಕ್ತರ ಕೈಯಿಂದ. ನ್ಯಾಯದ ಮಾತು ಯಾವ ಮತದವರ ಬಾಯಲ್ಲಿ ಬಂದರೂ ನ್ಯಾಯವೇ.

ಆಮೇಲೆ ಅಂಗುಲ ಅಂಗುಲವಾಗಿ ತಾಸುಗಳು ಇಳಿದವು. 1911ರ ಕಾಯಿದೆಯಲ್ಲಿ ಬಟ್ಟೆ ಗಿರಣಿಯ ಗಂಡಾಳಿಗೆ ದಿನಕ್ಕೆ 12 ತಾಸು. 1922ರಲ್ಲಿ 11, ವಾರಕ್ಕೆ 60. 1934ರಲ್ಲಿ 10, ವಾರಕ್ಕೆ 54. ಕಡೆಗೆ 1946ರಲ್ಲಿ ವಾರಕ್ಕೆ 48. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾಯಿದೆಯೂ 48ನ್ನೇ ಉಳಿಸಿಕೊಂಡಿತು. ಅರುವತ್ತರಿಂದ ನಲವತ್ತೆಂಟಕ್ಕೆ ಇಳಿಯಲು ಇಪ್ಪತ್ತನಾಲ್ಕು ವರ್ಷ ಹಿಡಿಯಿತು.

ಈಗ ಗಾಳಿ ತಿರುಗಿದೆ. 2023ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದ ಶಾಸನಸಭೆ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ವಾರದ 48 ತಾಸಿನ ಮಿತಿಯೊಳಗೆ ದಿನಕ್ಕೆ 12 ತಾಸಿನವರೆಗೆ ದುಡಿಸಲು ದಾರಿ ಮಾಡಿತು. ಮೂರು ತಿಂಗಳಲ್ಲಿ ಮಾಡಿಸಬಹುದಾದ ಓವರ್‌ಟೈಮನ್ನು 75 ತಾಸಿನಿಂದ 145ಕ್ಕೆ ಏರಿಸಿತು. ಕೆಲಸಗಾರನ ಒಪ್ಪಿಗೆ ಬರಹದಲ್ಲಿರಬೇಕೆಂದು ಬರೆದಿದ್ದಾರೆ. ಸಾಲ ತಲೆಯ ಮೇಲಿರುವವನ ಒಪ್ಪಿಗೆ ಎಂಥದೆಂಬುದು ನಿಮಗೇ ಗೊತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ದೊಡ್ಡ ಉದ್ಯಮಿ ನಾರಾಯಣಮೂರ್ತಿಯವರು ತರುಣರು ವಾರಕ್ಕೆ 70 ತಾಸು ದುಡಿಯಬೇಕೆಂದರು. 2025ರ ಜನವರಿಯಲ್ಲಿ ಇನ್ನೊಂದು ದೊಡ್ಡ ಕಂಪನಿಯ ಮುಖ್ಯಸ್ಥರ 90 ತಾಸಿನ ಮಾತು ಹೊರಬಿತ್ತು. ಜಗತ್ತಿನ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಪ್ರಕಟಿಸಿದ ಲೆಕ್ಕ ಬೇರೆಯೇ ಕಥೆ ಹೇಳುತ್ತದೆ. ವಾರಕ್ಕೆ 55 ತಾಸು ಮೀರಿದ ದುಡಿಮೆಯಿಂದ ಪಾರ್ಶ್ವವಾಯು, ಹೃದಯರೋಗ ತಗಲಿ 2016ರ ಒಂದೇ ವರ್ಷದಲ್ಲಿ 7,45,000 ಜನ ಸತ್ತರೆಂದು ಅಂದಾಜು. ಹೆಚ್ಚು ದುಡಿದರೆ ದೇಶ ಬೆಳೆಯುತ್ತದೆ ಎನ್ನುವವರು ಈ ಹೆಣಗಳನ್ನು ಯಾವ ಖಾತೆಗೆ ಬರೆಯುತ್ತಾರೆ?

ದುಡಿಮೆ ಹೆಚ್ಚಿದಂತೆ ಬೆಳೆದ ಸಂಪತ್ತು ಎಲ್ಲಿಗೆ ಹೋಯಿತು ಎಂಬುದನ್ನೂ ನೋಡೋಣ. ತೋಮಾ ಪಿಕೆಟಿ ಮೊದಲಾದ ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 2022-23ರಲ್ಲಿ ಭಾರತದ ನೂರಕ್ಕೆ ಒಬ್ಬನ ಕೈಗೆ ದೇಶದ ವರಮಾನದಲ್ಲಿ ನೂರಕ್ಕೆ 22.6 ಪಾಲು, ಆಸ್ತಿಯಲ್ಲಿ 40.1 ಪಾಲು ಸೇರಿತ್ತು. ನೂರು ರೊಟ್ಟಿಯಲ್ಲಿ ನಲವತ್ತು ಒಬ್ಬನಿಗೆ. ಉಳಿದ ಅರುವತ್ತಕ್ಕೆ ತೊಂಬತ್ತೊಂಬತ್ತು ಜನ.

ಇಲ್ಲಿ ಯೇಸುಸ್ವಾಮಿ ಹೇಳಿದ ದ್ರಾಕ್ಷೇತೋಟದ ಸಾಮ್ಯವನ್ನು ನೆನೆಯಬೇಕು. ತೋಟದ ಯಜಮಾನ ನಸುಕಿನಲ್ಲೇ ಸಂತೆಗೆ ಹೋಗಿ, ದಿನಕ್ಕೆ ಒಂದು ನಾಣ್ಯವೆಂದು ಕೂಲಿ ಗೊತ್ತುಮಾಡಿ ಆಳುಗಳನ್ನು ಕರೆತಂದ. ಮತ್ತೆ ಮತ್ತೆ ಹೋದ. ಹೊತ್ತು ಮುಳುಗಲು ಒಂದು ತಾಸಿದ್ದಾಗಲೂ ಹೋದ. ಅಲ್ಲಿ ಸುಮ್ಮನೆ ನಿಂತವರಿದ್ದರು. ಕಾರಣ ಕೇಳಿದರೆ, ತಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲವೆಂದರು. ಅವರನ್ನೂ ಕರೆತಂದ, ಸಂಜೆ ಎಲ್ಲರಿಗೂ ಒಂದೊಂದು ನಾಣ್ಯ ಕೊಟ್ಟ. ದಿನವಿಡೀ ಬೆವರು ಸುರಿಸಿದವರು ಗೊಣಗಿದರು. ಇದು ದೇವರ ಕೃಪೆಯನ್ನು ಕುರಿತದ್ದೆಂದು ಬೋಧಕರು ವಿವರಿಸುತ್ತಾರೆ; ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ನಾಣ್ಯ ಒಂದು ಸಂಸಾರದ ಒಂದು ದಿನದ ಅನ್ನ. ಕೆಲಸ ಸಿಗದೆ ನಿಂತವನ ಮಕ್ಕಳ ಹೊಟ್ಟೆಯೂ ಅಷ್ಟೇ ದೊಡ್ಡದು. ಜಾನ್ ರಸ್ಕಿನ್ ತನ್ನ ಅರ್ಥಶಾಸ್ತ್ರದ ಪುಸ್ತಕಕ್ಕೆ 1860ರಲ್ಲಿ ಹೆಸರನ್ನು ಆಯ್ದುಕೊಂಡದ್ದು ಈ ಸಾಮ್ಯದಿಂದಲೇ. 1904ರಲ್ಲಿ ದಕ್ಷಿಣ ಆಫ್ರಿಕದ ರೈಲಿನಲ್ಲಿ ಗಾಂಧೀಜಿ ಅದನ್ನು ಓದಿ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. 1908ರಲ್ಲಿ ಅದರ ಸಾರವನ್ನು ಗುಜರಾತಿಗೆ ತಂದು ಸರ್ವೋದಯವೆಂದು ಕರೆದರು. ಆ ಮಾತು ನಿಮಗೆ ಹೊಸದಲ್ಲ. ಅದರ ಬೇರು ಎಲ್ಲಿದೆಯೆಂದು ತಿಳಿದಿರಲಿ.

ಹಾಗಾದರೆ ಬಡವನಿಗೆ ದಾನ ಮಾಡಿದರೆ ಸಾಕೇ? ದಾನವನ್ನು ನಾವು ಹೀಯಾಳಿಸುವುದಿಲ್ಲ. ಆದರೆ ಮೋಶೆಯ ಧರ್ಮಶಾಸ್ತ್ರ ಅದಕ್ಕಿಂತ ಮುಂದೆ ಹೋಗಿದೆ. ಬೆಳೆ ಕೊಯ್ಯುವಾಗ ಹೊಲದ ಅಂಚನ್ನು ಕೊಯ್ಯಬಾರದು, ಮರೆತ ಸಿವುಡಿಗಾಗಿ ಹಿಂತಿರುಗಬಾರದು. ಅದು ಪರದೇಶಿ, ಅನಾಥ, ವಿಧವೆಯರ ಪಾಲು. ವಿಧವೆ ಯಜಮಾನನ ಬಾಗಿಲಲ್ಲಿ ಸೆರಗೊಡ್ಡಬೇಕಾಗಿಲ್ಲ. ನೇರವಾಗಿ ಹೊಲಕ್ಕಿಳಿದು ತನ್ನ ಕೈಯಿಂದ ಆಯ್ದುಕೊಳ್ಳುತ್ತಾಳೆ. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕೆಂಬ ಕಟ್ಟಳೆಯೂ ಅಲ್ಲಿಯೇ ಇದೆ. ಇವೆಲ್ಲ ಹಕ್ಕಿನ ಮಾತುಗಳು. ಸಭಾಪಾಲಕರಾದ ವಿಲಿಯಂ ಟೆಂಪಲ್‌ರವರು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರಾದ 1942ರಲ್ಲಿ ಈ ನ್ಯಾಯವನ್ನೇ ಪುಸ್ತಕ ಬರೆದು ಸಾರಿದರು. ಆ ವರ್ಷವೇ ಬೆವರಿಜ್ ವರದಿ ಬಂದು, ರೋಗ, ನಿರುದ್ಯೋಗ, ಮುಪ್ಪು ಇವುಗಳಿಗೆ ಸಾಮಾಜಿಕ ವಿಮೆಯ ಯೋಜನೆ ಹಾಕಿಕೊಟ್ಟಿತು. ರೋಮಿನ ಪೋಪ್ ಹದಿಮೂರನೆಯ ಲಿಯೋ 1891ರ ಪತ್ರದಲ್ಲಿ ಸಮಾಜವಾದವನ್ನು ಖಂಡಿಸಿದ್ದುಂಟು. ಆದರೆ ಬದುಕಿಗೆ ಸಾಲುವಷ್ಟು ಕೂಲಿ, ಬಿಡುವು, ಸಂಘ ಕಟ್ಟುವ ಹಕ್ಕು, ಈ ಮೂರನ್ನೂ ಅದೇ ಪತ್ರದಲ್ಲಿ ಎತ್ತಿ ಹಿಡಿದರು.

ನಮ್ಮಲ್ಲಿ ಹೊಲದ ಅಂಚಿಗೆ ಸಮನಾದದ್ದು ಇ.ಎಸ್.ಐ. 1948ರಲ್ಲಿ ಕಾಯಿದೆಯಾಗಿ, 1952ರ ಫೆಬ್ರುವರಿ 24ರಂದು ಕಾನ್ಪುರ, ದಿಲ್ಲಿಗಳಲ್ಲಿ ಆರಂಭವಾಯಿತು. 2019ರಲ್ಲಿ ಗೊತ್ತುಪಡಿಸಿದ ದರದಂತೆ ಪಗಾರದ ನೂರಕ್ಕೆ 3.25 ಧಣಿಯಿಂದ, 0.75 ಕೆಲಸಗಾರನಿಂದ. ಕಾಯಿಲೆ ಬಿದ್ದರೆ ಔಷಧ, ಜೊತೆಗೆ ಅರ್ಧಕ್ಕಿಂತ ಹೆಚ್ಚು ಪಗಾರ. ದವಾಖಾನೆಯಲ್ಲಿ ಸಾಲು ಉದ್ದ, ಔಷಧ ಗಿಡ್ಡ ಎಂಬ ದೂರು ನಿಜವೇ. ಅದನ್ನು ಸರಿಪಡಿಸಲು ಹೋರಾಡಬೇಕು, ಬಿಟ್ಟುಕೊಡಬಾರದು. ಗುತ್ತಿಗೆಯವರ ಹೆಸರು ಪುಸ್ತಕದಲ್ಲೇ ಇಲ್ಲದಿರುವುದು ಇನ್ನೂ ದೊಡ್ಡ ಅನ್ಯಾಯ.

ವ್ಯಾಪಾರಿ ಮಿತ್ರರೇ, ಇದು ಗಿರಣಿಯವರ ಪ್ರಶ್ನೆ, ನಮಗೇನು ಎನ್ನಬೇಡಿರಿ. ಕೆಲಸಗಾರ ಹಾಸಿಗೆ ಹಿಡಿದರೆ ಮೊದಲು ಉಬ್ಬುವುದು ನಿಮ್ಮ ಉದ್ರಿ ಪುಸ್ತಕ. ಅವನಿಗೆ ಆಸರೆಯಿದ್ದರೆ ನಿಮ್ಮ ಬಾಕಿ ವಸೂಲಾದೀತು. ನಿಮ್ಮ ದುಡಿಮೆಯಾದರೂ ಎಷ್ಟು ತಾಸಿನದು? ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆದರೆ ರಾತ್ರಿ ಹತ್ತಕ್ಕೆ ಮುಚ್ಚುವುದು. ನಡುವೆ ಹೆಂಡತಿ ಗಲ್ಲಾದ ಮೇಲೆ ಕುಳಿತರೆ ನಿಮಗೆ ಊಟ. ಸ್ವಂತ ಅಂಗಡಿಯ ದಾಸ ತಾನೇ ಆಗಿರುವುದೂ ಒಂದು ದಾಸ್ಯವೇ. 2021ರ ಜನವರಿಯಲ್ಲಿ ಹತ್ತು ಮತ್ತು ಹೆಚ್ಚು ನೌಕರರಿರುವ ಅಂಗಡಿಗಳು ಹಗಲಿರುಳೂ ತೆರೆದಿರಬಹುದೆಂದು ರಾಜ್ಯ ಸರ್ಕಾರ ಆಜ್ಞೆ ಹೊರಡಿಸಿತು. ಅವರಲ್ಲಿ ಪಾಳಿಯ ಮೇಲೆ ಆಳುಗಳಿದ್ದಾರೆ. ನಿಮಗೆ ಇರುವುದು ಎರಡೇ ಕೈ. ಒಬ್ಬನೇ ಬಾಗಿಲು ಮುಚ್ಚಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆಂಬ ಭಯ ಸುಳ್ಳಲ್ಲ. ಆದುದರಿಂದಲೇ ಬಿಡುವು ಎಲ್ಲರಿಗೂ ಒಂದೇ ದಿನ ಇರಬೇಕು. ಸಬ್ಬತ್ತಿನ ಜಾಣತನವೂ ಅದೇ.

ಕೊನೆಗೆ ನಮ್ಮ ಕ್ರೈಸ್ತ ಬಂಧುಗಳಿಗೂ ಒಂದು ಮಾತು. ಶಾಲೆ, ಆಸ್ಪತ್ರೆ, ಛಾಪಖಾನೆಗಳನ್ನು ನಡೆಸುವ ಸಭೆಗಳು ತಮ್ಮ ಕಸಗುಡಿಸುವವರಿಗೆ, ಕಾವಲುಗಾರರಿಗೆ ಎಷ್ಟು ತಾಸು ಕೆಲಸ, ಎಷ್ಟು ಕೂಲಿ ಎಂಬುದನ್ನು ಮೊದಲು ತೂಗಿ ನೋಡಲಿ. ತಡೆಹಿಡಿದ ಕೂಲಿ ತಾನೇ ಕೂಗಿಕೊಳ್ಳುತ್ತದೆಂದು ಯಾಕೋಬನ ಪತ್ರಿಕೆ ಎಚ್ಚರಿಸಿದ್ದು ಐಶ್ವರ್ಯವಂತರಾದ ಯಜಮಾನರನ್ನು. ಇಗರ್ಜಿಯ ಗಂಟೆಯ ಸದ್ದು ಆ ಕೂಗನ್ನು ಮುಚ್ಚಲಾರದು.

ನಾವು ಈ ಸಭೆಯ ಮುಂದೆ ಇಡುವ ಬೇಡಿಕೆಗಳು ನಾಲ್ಕು. ದಿನದ ಎಂಟು ತಾಸನ್ನು ಯಾವ ನೆಪದಿಂದಲೂ ಬೆಳೆಸಕೂಡದು; ಓವರ್‌ಟೈಮು ನಿಜವಾದ ಒಪ್ಪಿಗೆಯಿಂದ, ಎರಡು ಪಟ್ಟು ಕೂಲಿಯಿಂದ ಮಾತ್ರ. ಪೇಟೆಯ ಅಂಗಡಿಕಾರರೆಲ್ಲ ಕೂಡಿ ವಾರದ ಒಂದು ದಿನವನ್ನು ಬಿಡುವಿಗೆ ಗೊತ್ತುಮಾಡಬೇಕು. ಗುತ್ತಿಗೆಯ ಕೆಲಸಗಾರರೆಲ್ಲರ ಹೆಸರು ಇ.ಎಸ್.ಐ. ಪುಸ್ತಕಕ್ಕೆ ಏರಬೇಕು. ಚಿಕ್ಕ ವ್ಯಾಪಾರಿಗೂ ಕಾಯಿಲೆಯ ಕಾಲಕ್ಕೆ ಇಂಥದೇ ವಿಮೆ ಬೇಕು. ಇದು ಆಗದ ಮಾತೆಂದು ಯಾರಾದರೂ ಹೇಳಿದರೆ, 2025ರಲ್ಲಿ ಇದೇ ರಾಜ್ಯದಲ್ಲಿ ಮನೆಮನೆಗೆ ಊಟ, ಸಾಮಾನು ಮುಟ್ಟಿಸುವ ಹುಡುಗರಿಗಾಗಿ ಕಾಯಿದೆಯಾಗಿ, ಕಂಪನಿಗಳಿಂದ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಎತ್ತಲು ನಿಯಮ ಮಾಡಿದ್ದನ್ನು ತೋರಿಸಿರಿ. ನಿನ್ನೆ ಮೊನ್ನೆಯ ಕಸುಬಿನವರಿಗೆ ಆದದ್ದು ತಲೆಮಾರುಗಳಿಂದ ದುಡಿಯುವವರಿಗೆ ಏಕಾಗದು?

ಫರೋಹನ ಇಟ್ಟಿಗೆಗಳು ಮಣ್ಣಾದವು. ಅವನಲ್ಲಿ ಬಿಡುವು ಕೇಳಿದ ಜನರ ಏಳನೆಯ ದಿನ ಇಂದಿಗೂ ಉಳಿದಿದೆ. ಅದನ್ನು ಉಳಿಸಿಕೊಳ್ಳುವ ಭಾರ ಈಗ ನಮ್ಮ ನಿಮ್ಮ ಮೇಲಿದೆ. ಸಂಘದ ಪುಸ್ತಕದಲ್ಲಿ ಹೆಸರಿಲ್ಲದವರು ಇಂದೇ ಬರೆಸಿ ಹೋಗಿರಿ.