ಐದನೆಯ ಕಾರಣ

‘ತಾನೊಂದು ಬಗೆದರೆ ದೈವವೊಂದು ಬಗೆಯಿತು’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ನಿಟ್ಟುಸಿರಿನೊಂದಿಗೇ ಹೇಳುತ್ತೇವೆ. ಕಷ್ಟಪಟ್ಟು ಓದಿದ ಮಗನಿಗೆ ಸೀಟು ತಪ್ಪುತ್ತದೆ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿಯುತ್ತದೆ. ಮನೆ ಕಟ್ಟಲೆಂದು ಕೂಡಿಟ್ಟ ಹಣ ಆಸ್ಪತ್ರೆಯ ಪಾಲಾಗುತ್ತದೆ. ಆಗ ನೆಂಟರಿಷ್ಟರು ಬಂದು, ‘ದೇವರ ಮೇಲೆ ಭಾರ ಹಾಕಿ, ತಾಳ್ಮೆಯಿಂದಿರಿ’ ಎನ್ನುತ್ತಾರೆ. ಹೇಳುವುದೇನೋ ಸುಲಭ. ಭಾರ ಹಾಕಿದ ಮೇಲೆ ನಾವು ಮಾಡಬೇಕಾದದ್ದೇನು? ಕೈಕಟ್ಟಿ ಕೂರುವುದೆ? ವಿಜ್ಞಾನ ಓದಿ ಟೆಲಿವಿಷನ್‌ಗೆ ಬಂದ ನನ್ನನ್ನು ಈ ಪ್ರಶ್ನೆ ಬಹಳ ಕಾಲ ಕಾಡಿದೆ.

ನಮ್ಮ ಕ್ಷೇತ್ರದ್ದೇ ಒಂದು ಸಂಗತಿ ಹೇಳುತ್ತೇನೆ. 1982ರ ಏಪ್ರಿಲ್ 10ರಂದು ಇನ್ಸಾಟ್-1ಎ ಉಪಗ್ರಹ ಅಮೆರಿಕದಿಂದ ಆಕಾಶಕ್ಕೇರಿತು. ಅದನ್ನು ನಿಯಂತ್ರಿಸುವ ಕೇಂದ್ರ ನಮ್ಮ ಹಾಸನದಲ್ಲಿ. ಆ ವರ್ಷದ ಆಗಸ್ಟ್ 15ರಂದು ದೂರದರ್ಶನದ ರಾಷ್ಟ್ರೀಯ ಕಾರ್ಯಕ್ರಮ ಬಣ್ಣದಲ್ಲಿ ಆರಂಭವಾಯಿತು; ನವೆಂಬರ್‌ನಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಬೇಕಿತ್ತು. ಆದರೆ ಉಪಗ್ರಹಕ್ಕೆ ಮೊದಲಿನಿಂದಲೂ ಒಂದಲ್ಲ ಒಂದು ತೊಂದರೆ. ಬಿಚ್ಚಿಕೊಳ್ಳಬೇಕಾದ ಭಾಗಗಳು ಸರಿಯಾಗಿ ಬಿಚ್ಚಿಕೊಳ್ಳಲಿಲ್ಲ. ದಿಕ್ಕು ಹಿಡಿದು ನಿಲ್ಲಲು ಬೇಕಾದ ಇಂಧನ ಮುಗಿದು, ಸೆಪ್ಟೆಂಬರ್ 6ರಂದು ಅದನ್ನು ಕೈಬಿಡಬೇಕಾಯಿತು. ಏಳು ವರ್ಷ ದುಡಿಯಬೇಕಾಗಿದ್ದದ್ದು ಐದು ತಿಂಗಳೂ ತುಂಬಿಸಲಿಲ್ಲ.

ಮರುವರ್ಷ ಆಗಸ್ಟ್ 30ರಂದು ಚಾಲೆಂಜರ್ ನೌಕೆಯಲ್ಲಿ ಇನ್ಸಾಟ್-1ಬಿ ಹೋಯಿತು. ಅದರ ಸೌರಫಲಕವೂ ಬಿಚ್ಚಿಕೊಳ್ಳಲಿಲ್ಲ! 36,000 ಕಿಲೋಮೀಟರ್ ಎತ್ತರ. ಏಣಿ ಹಾಕಿ ಹತ್ತಿ ಸರಿಪಡಿಸುವ ಮಾತಿಲ್ಲ. ನೆಲದಿಂದ ಆದೇಶ ಕಳಿಸುವುದು, ಉತ್ತರಕ್ಕೆ ಕಾಯುವುದು, ಬೇರೆ ರೀತಿಯಲ್ಲಿ ಮತ್ತೆ ಯತ್ನಿಸುವುದು. ಹಿಂದಿನ ವರ್ಷದ ಸೋಲು ಕಣ್ಣಮುಂದಿದ್ದ ಆ ಎಂಜಿನಿಯರುಗಳ ರಾತ್ರಿಗಳು ಹೇಗಿದ್ದಿರಬಹುದೆಂದು ಊಹಿಸಿಕೊಳ್ಳಿ. ಸೆಪ್ಟೆಂಬರ್‌ನಲ್ಲಿ ಫಲಕ ತೆರೆದುಕೊಂಡಿತು. ಮುಂದೆ ವರ್ಷಗಟ್ಟಲೆ ಆ ಉಪಗ್ರಹ ಹಳ್ಳಿ ಹಳ್ಳಿಗೆ ಟಿ.ವಿ. ಮುಟ್ಟಿಸಿತು.

ಹಾಗಾದರೆ ಮೊದಲನೆಯದನ್ನು ದೇವರು ಕೈಬಿಟ್ಟ, ಎರಡನೆಯದನ್ನು ಕಾಪಾಡಿದ ಎನ್ನೋಣವೆ? ನನಗೆ ಹಾಗೆನ್ನಲು ಮನಸ್ಸು ಬಾರದು. ಅದು ದೇವರನ್ನು ಮೆಕ್ಯಾನಿಕ್ ಮಾಡಿದಂತೆ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಕೃಷ್ಣ ಯಾವುದೇ ಕರ್ಮ ಕೈಗೂಡಲು ಐದು ಕಾರಣ ಹೇಳುತ್ತಾನೆ: ಆಧಾರ, ಮಾಡುವವನು, ಸಾಧನಗಳು, ಬಗೆಬಗೆಯ ಪ್ರಯತ್ನ, ಕೊನೆಗೆ ಐದನೆಯದಾಗಿ ದೈವ. ಈ ಅನುಕ್ರಮ ನನಗೆ ಬಹಳ ಹಿಡಿಸಿದೆ. ದೈವ ಮೊದಲನೆಯದಲ್ಲ, ಹಾಗೆಂದು ಲೆಕ್ಕದಿಂದ ಹೊರಗೂ ಅಲ್ಲ. ನಾಲ್ಕನ್ನು ನಾವು ಮಾಡದೆ ಐದನೆಯದರ ಮೇಲೆ ಭಾರ ಹಾಕುವುದು ಸೋಮಾರಿತನ. ನಾಲ್ಕನ್ನೂ ಮಾಡಿಯೂ ಸೋತವನು ‘ಎಲ್ಲ ನನ್ನಿಂದಲೇ ಕೆಟ್ಟಿತು’ ಎಂದು ತನ್ನನ್ನೇ ತಿಂದುಕೊಳ್ಳಬೇಕಾಗಿಲ್ಲ. ಐದನೆಯದು ಅವನ ಕೈಯಲ್ಲಿರಲಿಲ್ಲ. ಭಾರ ಹಾಕುವುದೆಂದರೆ ಆ ಒಂದು ಪಾಲನ್ನು ಇಳಿಸಿಡುವುದು, ಅಷ್ಟೆ.

ಅದೇ ಹಾಸನದಲ್ಲಿ ಹಾಸನಾಂಬೆಯ ಗುಡಿಯಿದೆ. ದೀಪಾವಳಿಯ ಆಸುಪಾಸಿನ ಕೆಲವು ದಿನ ಮಾತ್ರ ಬಾಗಿಲು ತೆರೆಯುತ್ತದೆ. ಮುಚ್ಚುವಾಗ ಹಚ್ಚಿಟ್ಟ ದೀಪ ಮರುವರ್ಷದವರೆಗೂ ಉರಿಯುತ್ತಿರುತ್ತದೆಂಬುದು ಭಕ್ತರ ನಂಬಿಕೆ. ಅದನ್ನು ಪರೀಕ್ಷಿಸುವ ಉತ್ಸಾಹ ನನಗಿಲ್ಲ. ಕಾಣದ ದೀಪವನ್ನು ನೆಚ್ಚಿಕೊಂಡು ವರ್ಷವಿಡೀ ತಮ್ಮ ಕೆಲಸ ಮಾಡಿಕೊಂಡಿರುವ ಜನರ ಬಗ್ಗೆ ಮಾತ್ರ ಗೌರವವಿದೆ.

ಕೆಲ ವರ್ಷಗಳ ಹಿಂದೆ ನನ್ನ ಅಕ್ಕನ ಮಗಳ ಮದುವೆ ಹನ್ನೆರಡು ದಿನವಿರುವಾಗ ಮುರಿದುಬಿತ್ತು. ಛತ್ರ ಗೊತ್ತಾಗಿತ್ತು, ಲಗ್ನಪತ್ರಿಕೆ ಹಂಚಿಯಾಗಿತ್ತು. ‘ನಾವು ಯಾರಿಗೇನು ಅನ್ಯಾಯ ಮಾಡಿದ್ದೆವೋ?’ ಎಂದು ಅಕ್ಕ ಕೇಳಿದಾಗ, ಈಗ ಇಲ್ಲಿ ಬರೆದ ಯಾವ ಮಾತೂ ನನ್ನ ಬಾಯಿಗೆ ಬರಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕುಳಿತಿದ್ದೆ. ಎರಡು ದಿನ ಅತ್ತಳು. ಸಂಜೆ ಹೊತ್ತಿಗೆ ದೇವರ ದೀಪ ಹಚ್ಚುವುದನ್ನು ಮಾತ್ರ ತಪ್ಪಿಸಲಿಲ್ಲ. ಮೂರನೆಯ ದಿನ ಪತ್ರಿಕೆ ಕೊಟ್ಟ ಮನೆಗಳ ಪಟ್ಟಿ ಹಿಡಿದು, ಒಂದೊಂದು ಮನೆಗೂ ತಾನೇ ಫೋನ್ ಮಾಡಿ ತಿಳಿಸಿದಳು. ಬೇರೆ ಯಾರಿಗೂ ಆ ಕೆಲಸ ಬಿಡಲಿಲ್ಲ. ಹುಡುಗಿ ಸೋಮವಾರ ಎಂದಿನಂತೆ ಕೆಲಸಕ್ಕೆ ಹೊರಟಳು. ಬಸ್‌ಸ್ಟಾಪಿನವರೆಗೆ ನಾನೂ ಜೊತೆಗೆ ಹೋದೆ. ಅವಳಿಗೆ ಇನ್ನೂ ಮದುವೆಯಾಗಿಲ್ಲ. ಅಕ್ಕ ಈಗಲೂ ಜಾತಕ ತೋರಿಸುತ್ತಾಳೆ, ಮಗಳು ಈಗಲೂ ನಗುತ್ತಾಳೆ.