ಬಾಗಿಲು ಮುಚ್ಚಿದೆಯೆಂದು ಹೇಳುವವರಾರು?

(ನಮ್ಮ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾವು ಇಂಜಿನಿಯರರಲ್ಲ, ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಲೆಕ್ಕ ಬರೆಯುವವರು. ಆದರೂ ಇಂದು ಕಾರಿನ ಬಾಗಿಲ ವಿಷಯ ಹೇಳಲು ನಿಂತಿದ್ದೇವೆ. ನಮ್ಮಲ್ಲಿ ಕಾರುಳ್ಳವರು ಎಷ್ಟು ಮಂದಿ ಎಂದು ತಾವು ನಗಬಹುದು. ಆದರೆ ಈ ಕೊಚ್ಚಿಯಲ್ಲಿ ಪರರ ಕಾರು ಓಡಿಸಿ, ತೊಳೆದು ಹೊಟ್ಟೆ ಹೊರೆಯುವವರು ನಮ್ಮವರೇ. ಹಬ್ಬಕ್ಕೆ ಬಾಡಿಗೆ ಕಾರಿನಲ್ಲಿ ಊರಿಗೆ ಹೋಗುವ ಮಕ್ಕಳೂ ನಮ್ಮವೇ.

ಹೋದ ಮಳೆಗಾಲದಲ್ಲಿ ತಿರುವನಂತಪುರದಿಂದ ಬಾಡಿಗೆ ಕಾರಿನಲ್ಲಿ ಬರುತ್ತಿದ್ದೆವು. ಬಾಗಿಲು ಸರಿಯಾಗಿ ಮುಚ್ಚಿಲ್ಲವೆಂದು ಸೂಚಿಸುವ ಕೆಂಪು ದೀಪ ಉರಿಯುತ್ತಲೇ ಇತ್ತು. "ಅದು ಯಾವಾಗಲೂ ಹಾಗೇ ಸಾರ್" ಎಂದರು ಚಾಲಕರು. ಆಲಪ್ಪುಳ ದಾಟಿದ ಮೇಲೆ ಒಂದು ತಿರುವಿನಲ್ಲಿ ಹಿಂದಿನ ಬಾಗಿಲು ತೆರೆದುಕೊಂಡಿತು. ಮಗು ತಾಯಿಯ ತೋಳಿನಲ್ಲಿದ್ದುದರಿಂದ ಉಳಿಯಿತು. ದಿನವೂ ಸುಳ್ಳು ಹೇಳುತ್ತಿದ್ದ ದೀಪ ಅಂದು ನಿಜ ಹೇಳಿತ್ತು. ನಂಬಲು ಯಾರೂ ಇರಲಿಲ್ಲ.

ದೀಪ ಸುಳ್ಳು ಹೇಳುವುದೇಕೆ? ಬಾಗಿಲ ಚಿಲಕದ ಬಳಿ ಒಂದು ಸಣ್ಣ ಸ್ವಿಚ್ಚು ಇರುತ್ತದೆ. ಕಾರಿನ ಬ್ಯಾಟರಿ 12 ವೋಲ್ಟಿನದು. ಇಂಜಿನು ಓಡುವಾಗ ಒತ್ತಡ ಸುಮಾರು 14ಕ್ಕೆ ಏರುತ್ತದೆ. ಒಳಗಿನ ಗಣಕಪೆಟ್ಟಿಗೆ ಅದನ್ನು ಇಳಿಸಿ, ಅನೇಕ ಸೆನ್ಸರುಗಳಿಗೆ 5 ವೋಲ್ಟನ್ನಷ್ಟೇ ಕೊಡುತ್ತದೆ. ಇಷ್ಟು ಅಲ್ಪ ಒತ್ತಡದಲ್ಲಿ ತಂತಿಯ ಜೋಡಣೆಗೆ ನೀರು ಸೇರಿದರೆ, ತುಕ್ಕು ಹಿಡಿದರೆ, ಬ್ಯಾಟರಿ ಸೊರಗಿದರೆ ಸಂದೇಶ ತಪ್ಪುತ್ತದೆ.

ರೈಲಿನವರು ಇದಕ್ಕೆ ಒಳ್ಳೆಯ ನಿಯಮ ಮಾಡಿಕೊಂಡಿದ್ದಾರೆ. 2023ರ ಏಪ್ರಿಲ್ 25ರಂದು ತಿರುವನಂತಪುರದಿಂದ ನಮ್ಮ ಕಾಸರಗೋಡಿಗೆ ವಂದೇ ಭಾರತ್ ಹೊರಟಿತಷ್ಟೆ. ಅದರ ಬಾಗಿಲುಗಳೆಲ್ಲ ಮುಚ್ಚದೆ ಗಾಡಿ ಕದಲದು. ಕೊಚ್ಚಿ ಮೆಟ್ರೋದಲ್ಲೂ ಇದೇ ಕ್ರಮ. ಮುಚ್ಚಿದೆಯೆಂಬ ಸೂಚನೆ ಬಂದರೆ ಮಾತ್ರ ಚಲನೆ. ತಂತಿ ತುಂಡಾಗಿ ಸೂಚನೆ ಬಾರದಿದ್ದರೂ ಅಪಾಯವೆಂದೇ ಲೆಕ್ಕ. ನಮ್ಮ ಗಿರಣಿಯಲ್ಲಿ ಹತ್ತಿ ಹಿಂಜುವ ಯಂತ್ರದ ಮುಚ್ಚಳವೂ ಹೀಗೆಯೇ. ಬೀಟರು ನಿಲ್ಲದೆ ತೆರೆಯದು. ಸಾಮಾನ್ಯ ಕಾರಿಗೆ ಈ ಕಟ್ಟುಪಾಡಿಲ್ಲ. ದೀಪ ಎಚ್ಚರಿಸುತ್ತದೆ, ಚಕ್ರ ಉರುಳುತ್ತಲೇ ಇರುತ್ತದೆ. ಆದ್ದರಿಂದ ಕೆಟ್ಟ ದೀಪವನ್ನು ರಿಪೇರಿ ಮಾಡಿಸದೆ ಓಡಿಸುವುದು ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದಂತೆ.

ಇನ್ನು ವಿದ್ಯುತ್ತೇ ನಿಂತುಹೋದರೆ? ಡಿಕ್ಕಿಯಲ್ಲಿ ಬ್ಯಾಟರಿಯ ತಂತಿ ಹರಿದರೂ ಏರ್‌ಬ್ಯಾಗು ಉಬ್ಬಬೇಕೆಂದು ಅದರ ಪೆಟ್ಟಿಗೆಯ ಕೆಪ್ಯಾಸಿಟರಿನಲ್ಲಿ ಒಂದಿಷ್ಟು ಶಕ್ತಿಯನ್ನು ಕೂಡಿಟ್ಟಿರುತ್ತಾರೆ. ನಮ್ಮ ಮನೆಯಾಕೆ ತಿಂಗಳ ಕೊನೆಗೆಂದು ಸಾಸಿವೆ ಡಬ್ಬಿಯಲ್ಲಿಟ್ಟ ಹಣದ ಹಾಗೆ. ಬಾಗಿಲಿನ ವಿಷಯದಲ್ಲಿ ಸರಕಾರವೇ ನಿಯಮ ಮಾಡಿದೆ. 2019ರ ಜುಲೈ 1ರಿಂದ ನಮ್ಮ ದೇಶದ ಹೊಸ ಕಾರುಗಳಲ್ಲಿ ವಿದ್ಯುತ್ ಬೀಗ ಕೆಟ್ಟರೂ ಕೈಯಿಂದ ಬಾಗಿಲು ತೆರೆಯುವ ವ್ಯವಸ್ಥೆ ಕಡ್ಡಾಯ. ಚಾಲಕನ ಏರ್‌ಬ್ಯಾಗು, ಸೀಟುಬೆಲ್ಟಿನ ಎಚ್ಚರಿಕೆ, ಹಿಂದಕ್ಕೆ ಹೋಗುವಾಗಿನ ಸೆನ್ಸರು ಇವೂ ಅಂದಿನಿಂದಲೇ ಕಡ್ಡಾಯವಾದವು.

ಸೋದರರೇ, ನಮ್ಮ ಅರಿಕೆ ಮೂರೇ. ಹೊರಡುವ ಮುನ್ನ ಪ್ರತಿ ಬಾಗಿಲನ್ನೂ ಕೈಯಿಂದ ಒತ್ತಿ ನೋಡಿ. ಕೈಯಿಂದ ತೆರೆಯುವುದು ಹೇಗೆಂದು ಕೇಳಿ ತಿಳಿಯಿರಿ. ಹಿಂದಿನ ಬಾಗಿಲಿಗೆ ಮಕ್ಕಳ ಬೀಗ ಹಾಕಿದ್ದರೆ ಅದು ಒಳಗಿನಿಂದ ತೆರೆಯದೆಂಬುದು ನೆನಪಿರಲಿ. 2018ರ ಆಗಸ್ಟಿನ ನೆರೆಯನ್ನು ಕಂಡ ನಾಡಿದು; ಕಾರು ನೀರಿಗೆ ಸಿಕ್ಕಿದರೆ ತಡಮಾಡದೆ ಬೆಲ್ಟು ಬಿಚ್ಚಿ, ಗಾಜು ಇಳಿಯುತ್ತಿರುವಾಗಲೇ ಇಳಿಸಿ ಹೊರಬನ್ನಿ.

ಚಾಲಕರಾಗಿರುವ ನಮ್ಮ ಬಂಧುಗಳು ಮಾಲೀಕರಿಗೆ ದೀಪ ಕೆಟ್ಟಿದೆಯೆಂದು ಹೇಳಲು ಸಂಕೋಚಪಡಬಾರದು. ಹೇಳಿದರೆ ಒಂದು ಗದರಿಕೆ ಸಿಕ್ಕೀತು. ಹೇಳದಿದ್ದರೆ ಒಂದು ಜೀವ ಹೋದೀತು.